ಚೆಂಡು ಬಿಟ್ಟು ತೊಡೆ ನೋಡುವವನು

2025ರ ಅಕ್ಟೋಬರ್ 26ರ ಭಾನುವಾರ ಮ್ಯಾಡ್ರಿಡ್‌ನಲ್ಲಿ ಕ್ಲಾಸಿಕೊ ಇತ್ತು, ಅಂದರೆ ರಿಯಲ್ ಮ್ಯಾಡ್ರಿಡ್-ಬಾರ್ಸಿಲೋನಾ ಫುಟ್‌ಬಾಲ್ ಮ್ಯಾಚು. ನಮಗಿಲ್ಲಿ ರಾತ್ರಿ ಎಂಟೂಮುಕ್ಕಾಲಿಗೆ ಶುರು. ಅಲಾರಂ ಇಟ್ಟುಕೊಳ್ಳದೆ, ಮಾರನೇ ದಿನ ಆಫೀಸಿನಲ್ಲಿ ತೂಕಡಿಸದೆ ನೋಡಬಹುದಾದ ಮ್ಯಾಚು ವರ್ಷಕ್ಕೆ ನಾಲ್ಕೋ ಐದೋ ಸಿಗುತ್ತವೆ, ಅದರಲ್ಲಿ ಇದೊಂದು. ಬಾರ್ಸಿಲೋನಾ 2-1ಕ್ಕೆ ಸೋತಿತು. ಇಂಜುರಿ ಟೈಮಿನಲ್ಲಿ ಬಾರ್ಸಿಲೋನಾದ ಮಿಡ್‌ಫೀಲ್ಡರ್ ಪೆಡ್ರಿಗೆ ಎರಡನೇ ಹಳದಿ ಕಾರ್ಡು ಬಿತ್ತು, ಹೊರಗೆ ನಡೆದ. ಅಲ್ಲೇ ಪಕ್ಕದಲ್ಲಿ ಎರಡೂ ಬೆಂಚಿನವರು ಕಿತ್ತಾಟಕ್ಕೆ ನಿಂತರು. ಊರೆಲ್ಲ ಆ ಜಗಳ ನೋಡುತ್ತಿತ್ತು. ನಾನು ಮಾತ್ರ ಹಿಂದಕ್ಕೆ ಹಾಕಿ ಹಾಕಿ ಅವನ ನಡಿಗೆ ನೋಡುತ್ತಿದ್ದೆ. ಕಾಲು ಸರಿ ಇದೆಯಾ? ಎಡಗಾಲು ಸ್ವಲ್ಪ ಬಿಗಿ ಹಿಡಿದ ಹಾಗಿದೆಯಾ? ಅದೇ ವಾರ ಕ್ಲಬ್ಬಿನ ಪ್ರಕಟಣೆ ಬಂತು: ಎಡತೊಡೆಯ ಹಿಂಭಾಗದ ಸ್ನಾಯು ಹರಿದಿದೆ. ತಮ್ಮ ಮೆಸೇಜು ಹಾಕಿದ, "ಅಣ್ಣ, ಮತ್ತೆ ಶುರುವಾಯ್ತು." ನನಗೆ ಬೇಜಾರಿಗಿಂತ ಮೊದಲು ಬಂದದ್ದು ಒಂಥರಾ ಸಮಾಧಾನ. ನಾನು ಕಂಡದ್ದು ಸರಿ ಇತ್ತಲ್ಲ ಅಂತ. ಆಮೇಲೆ ನನ್ನ ಮೇಲೇ ಅಸಹ್ಯವಾಯಿತು.

ಯಾವಾಗಿನಿಂದ ನಾನು ಹೀಗಾದೆ? ಒಬ್ಬ ಆಟಗಾರನನ್ನು ನೋಡುತ್ತಾ ಚೆಂಡು ಬಿಟ್ಟು ತೊಡೆ ನೋಡುವವನಾದೆ? ಅವನು ಓಟ ಜೋರು ಮಾಡಿದರೆ ನನ್ನ ಕೈ ಸೋಫಾದ ಅಂಚು ಹಿಡಿಯುತ್ತದೆ. ಕೂತು ಸಾಕ್ಸ್ ಎಳೆದುಕೊಂಡರೂ ಸಾಕು, "ಹೋಯ್ತು" ಎಂದು ಬಾಯಿಗೆ ಬರುತ್ತದೆ. ಪೆಡ್ರಿಗೆ 2025ರ ನವೆಂಬರ್‌ನಲ್ಲಿ 23 ತುಂಬುತ್ತದೆ. ಇಪ್ಪತ್ತಮೂರರ ಹುಡುಗನನ್ನು ನಾನು ಹಳೇ ಸ್ಕೂಟರ್ ಶಬ್ದ ಕೇಳಿಸಿಕೊಳ್ಳುವ ಮೆಕ್ಯಾನಿಕ್ಕಿನ ಹಾಗೆ ನೋಡುತ್ತಿದ್ದೇನೆ. ಇದರ ಹಿಂದೆ ಏನಿದೆ ಅಂತ ಎರಡು ವಾರದಿಂದ ತಲೆಯಲ್ಲಿ ಕೊರೆಯುತ್ತಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಕ್ಯಾನರಿಯಲ್ಲಿ ಒಂದು ಗಂಟೆ ಕಡಿಮೆ

ಸ್ಪೇನ್‌ನ ರೇಡಿಯೋದಲ್ಲಿ ಗಂಟೆ ಹೇಳುವಾಗ ಒಂದು ಬಾಲ ಸೇರಿಸುತ್ತಾರೆ: ಕ್ಯಾನರಿಯಲ್ಲಿ ಒಂದು ಗಂಟೆ ಕಡಿಮೆ. ಆ ದ್ವೀಪಗಳು ಆಫ್ರಿಕಾದ ಕರಾವಳಿ ಪಕ್ಕ ಇವೆ, ಅಲ್ಲಿನ ಗಡಿಯಾರ ಮ್ಯಾಡ್ರಿಡ್‌ಗಿಂತ ಒಂದು ಗಂಟೆ ಹಿಂದೆ. ದಿನಾ ಕೇಳಿ ಕೇಳಿ ಅದು ಅವರಿಗೆ ಅರ್ಧ ತಮಾಷೆ, ಅರ್ಧ ಹೆಮ್ಮೆಯ ಮಾತಾಗಿದೆ. ಆ ದ್ವೀಪದವರ ಫುಟ್‌ಬಾಲೂ ಹಾಗೇ ಅಂತಾರೆ. ಅವಸರವಿಲ್ಲ. ಚೆಂಡು ಕಾಲಿಗೆ ಬಂದ ಮೇಲೆ ಒಂದು ಕ್ಷಣ ನಿಲ್ಲುವುದು, ಎದುರಿನವನು ಯಾವ ಕಾಲು ಊರುತ್ತಾನೆ ನೋಡುವುದು, ಆಮೇಲೆ ಹೊರಡುವುದು. ವಾಲೆರೋನ್ ಹೀಗೆ ಆಡುತ್ತಿದ್ದ. ದಾವಿದ್ ಸಿಲ್ವಾ ಹೀಗೆ ಆಡುತ್ತಿದ್ದ. ಇಬ್ಬರೂ ಒಂದೇ ಮೀನುಗಾರರ ಊರಿನವರು, ಅರ್ಗಿನೆಗಿನ್ ಅಂತ. ಪೆಡ್ರಿ ಅವರ ಪಕ್ಕದ ದ್ವೀಪ ತೆನೆರಿಫೆಯವನು. ಊರು ತೆಗೆಸ್ತೆ. ಅಪ್ಪನಿಗೆ ಅಲ್ಲೊಂದು ಹೋಟೆಲು, ಅಣ್ಣ ಅಡುಗೆ ಕಲಿತವನು, ಅಜ್ಜ ಊರಿನಲ್ಲಿ ಬಾರ್ಸಿಲೋನಾ ಅಭಿಮಾನಿ ಸಂಘ ಕಟ್ಟಿದವರಲ್ಲಿ ಒಬ್ಬರು. ಮನೆಯ ತುಂಬ ಬಾರ್ಸಾ, ಹುಡುಗನ ಕಣ್ಣ ತುಂಬ ಬಾರ್ಸಾದ ಮಿಡ್‌ಫೀಲ್ಡರ್ ಇನಿಯೆಸ್ತಾ.

ಹದಿಹರೆಯದಲ್ಲಿ ರಿಯಲ್ ಮ್ಯಾಡ್ರಿಡ್ ಟ್ರಯಲ್‌ಗೆ ಕರೆಸಿತ್ತು. ಅವನು ಹೋದಾಗ ಅಲ್ಲಿ ಹಿಮ ಬಿದ್ದು ಟ್ರಯಲ್ಲು ಸರಿಯಾಗಿ ನಡೆಯಲೇ ಇಲ್ಲ. ಕೊನೆಗೆ ನಮ್ಮ ಮಟ್ಟಕ್ಕೆ ಸಾಲದು ಎಂದು ವಾಪಸ್ ಕಳಿಸಿದರು. (ಬಾರ್ಸಾದವರು ಈ ಕತೆ ಹೇಳುವಾಗ ಆ ಹಿಮಕ್ಕೆ ಕೈ ಮುಗಿಯುತ್ತಾರೆ.) 2018ರಲ್ಲಿ ಲಾಸ್ ಪಾಲ್ಮಾಸ್ ಸೇರಿದ. ಅದು ಎದುರು ದ್ವೀಪದ ಕ್ಲಬ್ಬು. ತೆನೆರಿಫೆಯ ಹುಡುಗ ಲಾಸ್ ಪಾಲ್ಮಾಸ್ ಅಂಗಿ ಹಾಕುವುದು ಎಂದರೆ ಊರಲ್ಲಿ ಸ್ವಲ್ಪ ಗುಸುಗುಸು ಆಗಿಯೇ ಇರುತ್ತದೆ. ಪೆಪೆ ಮೆಲ್ ಎಂಬ ಕೋಚು 16ನೇ ವಯಸ್ಸಿಗೇ ಅವನನ್ನು ಎರಡನೇ ಡಿವಿಜನ್ನಿನಲ್ಲಿ ಆಡಿಸಿದರು. 2019ರ ಆಗಸ್ಟ್‌ನಲ್ಲಿ ಮೊದಲ ಮ್ಯಾಚು, ಸೆಪ್ಟೆಂಬರ್ ಶುರುವಿನಲ್ಲಿ ಬಾರ್ಸಾ ಜೊತೆ ಒಪ್ಪಂದ. 50 ಲಕ್ಷ ಯೂರೋ, ಮೇಲೆ ಆಟ ನೋಡಿಕೊಂಡು ಇನ್ನಷ್ಟು. ಯೂರೋಪಿನ ಫುಟ್‌ಬಾಲ್ ಸಂತೆಯಲ್ಲಿ ಆ ದುಡ್ಡಿಗೆ ಬೆಂಚ್ ಮೇಲೆ ಕೂರುವವನೂ ಸಿಗುವುದು ಕಷ್ಟ.

2020ರಲ್ಲಿ ಬಾರ್ಸಿಲೋನಾಗೆ ಬಂದಾಗ ಅವನಿಗೆ 17. ಶುರುವಿನ ಮ್ಯಾಚುಗಳಲ್ಲಿ ಒಂದನ್ನು ಮುಗಿಸಿ ಕ್ಲಬ್ಬಿನ ಮೈದಾನ ಕ್ಯಾಂಪ್ ನೋದಿಂದ ಹೊರಬಂದು, ಕೈಯಲ್ಲಿ ಪ್ಲಾಸ್ಟಿಕ್ ಕವರು ಹಿಡಿದು ಟ್ಯಾಕ್ಸಿ ಹತ್ತಿದ ಚಿತ್ರ ಆಗ ಎಲ್ಲರ ಫೋನಿಗೂ ಬಂದಿತ್ತು. ಉಳಿದವರೆಲ್ಲ ದೊಡ್ಡ ದೊಡ್ಡ ಕಾರು ತೆಗೆಯುತ್ತಿದ್ದಾರೆ, ಇವನು ಕಿರಾಣಿ ಅಂಗಡಿಯಿಂದ ಸಾಮಾನು ತರುವವನ ಹಾಗೆ ಹೋಗುತ್ತಿದ್ದಾನೆ. ನಾವೆಲ್ಲ ಅವನಿಗೆ ಸೋತದ್ದು ಅಲ್ಲೇ ಅನಿಸುತ್ತದೆ. ಮುಂದೆ ಆದ ಎಡವಟ್ಟಿನ ಬೇರು ಇರುವುದೂ ಅಲ್ಲೇ ಅಂತ ಈಗ ಅನುಮಾನ. ಎಲ್ಲವನ್ನೂ ಸಲೀಸು ಎನ್ನುವ ಹಾಗೆ ಕಾಣಿಸುವ ಹುಡುಗ ಅವನು. ದಣಿದವನ ಹಾಗೆ, ಕಷ್ಟಪಡುವವನ ಹಾಗೆ ಕಾಣುವುದೇ ಇಲ್ಲ.

ಸೌಂಡ್ ಇಲ್ಲದ ವೆಂಬ್ಲಿ

2021ರ ಜುಲೈ. ಕೊರೊನಾ ಕಾಲ, ನಾನು ಊರಿನಲ್ಲಿದ್ದೆ, ವರ್ಕ್ ಫ್ರಂ ಹೋಮ್. ಯೂರೋ ಕಪ್ ಸೆಮಿಫೈನಲ್, ಇಟಲಿ-ಸ್ಪೇನ್, ವೆಂಬ್ಲಿಯಲ್ಲಿ. ನಮಗೆ ರಾತ್ರಿ ಹನ್ನೆರಡೂವರೆ. ಹಾಲಿನ ಪಕ್ಕದ ಕೋಣೆಯಲ್ಲಿ ಅಪ್ಪ ಮಲಗಿದ್ದರಿಂದ ಟೀವಿಯ ಸೌಂಡ್ ಪೂರ್ತಿ ತೆಗೆದಿದ್ದೆ. ಹೊರಗೆ ಮಳೆ. ಫುಟ್‌ಬಾಲನ್ನು ಸೌಂಡ್ ಇಲ್ಲದೆ ಎರಡು ತಾಸು ನೋಡಿದ್ದು ಅದೇ ಮೊದಲು, ಮತ್ತು ನಾನು ಏನಾದರೂ ಸರಿಯಾಗಿ ನೋಡಿದ್ದರೆ ಅದೂ ಅವತ್ತೇ. ಕಾಮೆಂಟರಿಯವನು ಇದ್ದರೆ ಚೆಂಡು ಎಲ್ಲಿದೆಯೋ ಅಲ್ಲಿಗೆ ನಮ್ಮ ಕಿವಿ ಹಿಡಿದು ಎಳೆಯುತ್ತಾನೆ. ಅವನಿಲ್ಲದಿದ್ದರೆ ಕಣ್ಣು ತನಗೆ ಬೇಕಾದ ಕಡೆ ಹೋಗುತ್ತದೆ. ನನ್ನ ಕಣ್ಣು ಪೆಡ್ರಿಯ ಕುತ್ತಿಗೆಗೆ ಹೋಯಿತು.

ಅವನ ಕುತ್ತಿಗೆ ಒಂದು ಕಡೆ ನಿಲ್ಲುತ್ತಲೇ ಇರಲಿಲ್ಲ. ಚೆಂಡು ತನ್ನ ಹತ್ತಿರ ಬರುವ ಮುಂಚೆ ಎಡಭುಜದ ಮೇಲೊಮ್ಮೆ, ಬಲಭುಜದ ಮೇಲೊಮ್ಮೆ, ಮತ್ತೊಮ್ಮೆ ಎಡಕ್ಕೆ. ರಸ್ತೆ ದಾಟುವ ಮುದುಕರ ಹಾಗೆ. ಚೆಂಡು ಕಾಲಿಗೆ ತಾಗುವ ಹೊತ್ತಿಗೆ ಅವನಿಗೆ ಹಿಂದೆ ಯಾರಿದ್ದಾರೆ, ಎಷ್ಟು ದೂರ ಇದ್ದಾರೆ, ಯಾವ ಕಡೆ ಬಾಗಿಲು ತೆರೆದಿದೆ ಎಲ್ಲ ಗೊತ್ತು. ಆದ್ದರಿಂದಲೇ ಅವನಿಗೆ ಅವಸರವಿಲ್ಲ. ಕಿಯೆಲ್ಲಿನಿ, ಬೊನುಚ್ಚಿಯಂಥ ಘಟಾನುಘಟಿಗಳ ತಂಡ, ನಡುವೆ ವೆರಾಟ್ಟಿ, ಜೋರ್ಜಿನ್ಯೊ. ಅವರ ಮಧ್ಯೆ ಈ 18ರ ಹುಡುಗ ಗದ್ದೆಯ ಬದುವಿನ ಮೇಲೆ ನಡೆದಂತೆ ನಡೆಯುತ್ತಿದ್ದ. 90 ನಿಮಿಷ ಮುಗಿದಾಗ ಅವನ ಒಂದೇ ಒಂದು ಪಾಸೂ ತಪ್ಪಿರಲಿಲ್ಲ. ಎಕ್ಸ್‌ಟ್ರಾ ಟೈಮ್ ಸೇರಿ 66ರಲ್ಲಿ 65. ಕಿಯೇಸಾ ಇಟಲಿಗೆ ಗೋಲು ಹೊಡೆದ, ಮೊರಾಟಾ ಸಮ ಮಾಡಿದ, ಕೊನೆಗೆ ಪೆನಾಲ್ಟಿಯಲ್ಲಿ ಅದೇ ಮೊರಾಟಾ ಸೋಲಿಸಿದ. ಸ್ಪೇನ್ ಮನೆಗೆ ಹೋಯಿತು. ಕೋಚ್ ಲೂಯಿಸ್ ಎನ್ರಿಕೆ ಆಮೇಲೆ, 18ರಲ್ಲಿ ಇನಿಯೆಸ್ತಾ ಕೂಡ ಇದನ್ನು ಮಾಡಿರಲಿಲ್ಲ ಎಂಬ ಅರ್ಥದ ಮಾತಾಡಿದರು.

ಎಕ್ಸ್‌ಟ್ರಾ ಟೈಮ್ ಹೊತ್ತಿಗೆ ಅಮ್ಮ ನೀರು ಕುಡಿಯಲು ಎದ್ದು ಬಂದಳು. ಟೀವಿಯಲ್ಲಿ ಪೆಡ್ರಿಯ ಮುಖ ಹತ್ತಿರದಿಂದ ತೋರಿಸುತ್ತಿದ್ದರು. "ಈ ಹುಡುಗಂಗೆ ಮನೇಲಿ ಹೊಟ್ಟೆ ತುಂಬ ಹಾಕಲ್ವೇನೋ?" ಎಂದಳು. "ಅವ್ರ ಮನೇದು ಹೋಟ್ಲು ಕಣಮ್ಮ" ಎಂದೆ. "ಹೋಟ್ಲು ಇಟ್ಕೊಂಡವ್ರ ಮಕ್ಳು ಹೀಗೇ" ಎಂದು ಲೋಟ ಇಟ್ಟು ಹೋದಳು. ಇದರಲ್ಲಿ ತಾಯಿಯ ಒಳಗಣ್ಣು ಗಿಳಗಣ್ಣು ಏನೂ ಇಲ್ಲ, ಸುಮ್ನೆ ಹೇಳಿಬಿಡುತ್ತೇನೆ. ಅದೇ ರಾತ್ರಿ ಪೆನಾಲ್ಟಿಗೆ ನಿಂತಿದ್ದ ಇಟಲಿಯ ಗೋಲ್‌ಕೀಪರ್ ದೊನ್ನರುಮ್ಮಾನನ್ನು ನೋಡಿದ್ದರೂ ಅಮ್ಮ ಅದನ್ನೇ ಕೇಳುತ್ತಿದ್ದಳು, ಆರೂವರೆ ಅಡಿ ಆಳು. ಆದರೂ ಆ ಮಾತು ನನಗೆ ಉಳಿದುಕೊಂಡಿದೆ. ಯಾಕೆಂದರೆ ಆ ಎರಡು ತಾಸಿನಲ್ಲಿ ಅವನು ಸುಸ್ತಾಗಿದ್ದಾನಾ ಎಂದು ನನಗೆ ಒಮ್ಮೆಯೂ ಅನಿಸಲಿಲ್ಲ. ಅವನ ಕುತ್ತಿಗೆ ಎಣಿಸುತ್ತಿದ್ದೆ, ಪಾಸ್ ಎಣಿಸುತ್ತಿದ್ದೆ. ಅವನ ಉಸಿರು ಎಣಿಸಲಿಲ್ಲ.

ಆರಕ್ಕೆ ಆರೂ

ಆ ಬೇಸಿಗೆಯ ಲೆಕ್ಕವನ್ನು ಆಮೇಲೆ ಕೂತು ಹಾಕಿದೆ. ಹಾಕಿದ ಮೇಲೆ ನನಗೇ ನಂಬಿಕೆ ಬರಲಿಲ್ಲ. ಯೂರೋ ಕಪ್ಪಿನಲ್ಲಿ ಸ್ಪೇನ್ ಆರು ಮ್ಯಾಚು ಆಡಿತು. ನಾಕೌಟಿನ ಮೂರೂ ಎಕ್ಸ್‌ಟ್ರಾ ಟೈಮಿಗೆ ಹೋದವು: ಕ್ರೊಯೇಶಿಯಾ, ಸ್ವಿಟ್ಜರ್ಲೆಂಡ್, ಇಟಲಿ. ಪೆಡ್ರಿ ಆ ಇಡೀ ಟೂರ್ನಿಯಲ್ಲಿ ಹೊರಗೆ ಕೂತದ್ದು ಒಂದೇ ಒಂದು ನಿಮಿಷ. ಸ್ವಿಟ್ಜರ್ಲೆಂಡ್ ವಿರುದ್ಧ 119ನೇ ನಿಮಿಷದಲ್ಲಿ ಹೊರಗೆ ಕರೆದರು, ಅದೂ ಪೆನಾಲ್ಟಿ ಹೊಡೆಯುವವನೊಬ್ಬನನ್ನು ಒಳಗೆ ಬಿಡಲು ಇರಬೇಕು. ಒಟ್ಟು 629 ನಿಮಿಷ. ಟೂರ್ನಿಯ ಅತ್ಯುತ್ತಮ ಯುವ ಆಟಗಾರ ಎಂಬ ಪ್ರಶಸ್ತಿಯೂ ಅವನಿಗೇ.

ಇಟಲಿ ಮ್ಯಾಚು ಜುಲೈ 6. ಜುಲೈ 22ಕ್ಕೆ ಅವನು ಜಪಾನಿನ ಸಪ್ಪೊರೊದಲ್ಲಿ ಒಲಿಂಪಿಕ್ಸ್ ಆಡುತ್ತಿದ್ದ, ಈಜಿಪ್ಟ್ ವಿರುದ್ಧ. ಹದಿನಾರು ದಿನ, ಅದರಲ್ಲೇ ವಿಮಾನ, ಅದರಲ್ಲೇ ಟೋಕಿಯೋ ಸೆಕೆ. ಯೂರೋ ಆಡಿದ ಆರು ಜನರನ್ನು ಸ್ಪೇನ್ ಹೀಗೆ ಒಲಿಂಪಿಕ್ಸಿಗೂ ಕರೆದುಕೊಂಡು ಹೋಯಿತು. ಅಲ್ಲೂ ನಾಕೌಟಿನ ಮೂರೂ ಮ್ಯಾಚು ಎಕ್ಸ್‌ಟ್ರಾ ಟೈಮಿಗೆ ಹೋದವು! ಐವರಿ ಕೋಸ್ಟ್, ಜಪಾನ್, ಆಗಸ್ಟ್ 7ರಂದು ಯೊಕೊಹಾಮಾದಲ್ಲಿ ಬ್ರೆಜಿಲ್. ಅಂದರೆ ಒಂದು ಬೇಸಿಗೆಯಲ್ಲಿ ಆಡಿದ ಆರು ನಾಕೌಟಿಗೆ ಆರೂ ನೂರಿಪ್ಪತ್ತು ನಿಮಿಷದವು. ಬೆಳ್ಳಿ ಪದಕ ಬಂತು. ಆಗಸ್ಟ್ 15ಕ್ಕೆ, ಅಂದರೆ ಎಂಟೇ ದಿನಕ್ಕೆ, ಕ್ಯಾಂಪ್ ನೋದಲ್ಲಿ ಹೊಸ ಲೀಗ್‌ನ ಮೊದಲ ಮ್ಯಾಚು. ಹನ್ನೊಂದರಲ್ಲಿ ಪೆಡ್ರಿಯ ಹೆಸರು. ಮೆಸ್ಸಿ ಬಿಟ್ಟು ಹೋಗಿ ಒಂದು ವಾರವಾಗಿತ್ತು, ನಾವೆಲ್ಲ ಆ ದುಃಖದಲ್ಲಿದ್ದೆವು. ಇವನ ಹೆಸರು ನೋಡಿ ನಾನು ಏನಂದೆ ಗೊತ್ತಾ? "ಸದ್ಯ, ಪೆಡ್ರಿ ಇದ್ದಾನೆ."

ಸೀಸನ್ ಒಟ್ಟು 73 ಮ್ಯಾಚು. ಬಾರ್ಸಾಗೆ 52, ಉಳಿದದ್ದು ದೇಶಕ್ಕೆ. ಆಟಗಾರರ ಸಂಘ ಫಿಫ್‌ಪ್ರೊ ಕೂಡ ಹೀಗಾದರೆ ಹೇಗೆ ಎಂದು ತಕರಾರು ಎತ್ತುವಾಗ ಪೆಡ್ರಿಯ ಹೆಸರನ್ನೇ ಮುಂದಿಡುತ್ತಿತ್ತು. ತಪ್ಪು ಯಾರದ್ದು ಎಂದರೆ ಎಲ್ಲರ ಕೈಯಲ್ಲೂ ಒಂದೊಂದು ಕಾಗದ ಇದೆ. ಕ್ಲಬ್ಬು ದೇಶದ ಕಡೆ ಬೆರಳು ಮಾಡಿತು. ಕೋಚ್ ಕೂಮನ್ ಬಹಿರಂಗವಾಗಿಯೇ ಬೈದರು. ಅದೇ ಕೂಮನ್ ಅದೇ ಹುಡುಗನನ್ನು 52 ಮ್ಯಾಚಿಗೆ ಇಳಿಸಿದ್ದರು. ಹುಡುಗನಂತೂ ತಾನು ಆಡುತ್ತೇನೆ ಎಂದೇ ಹೇಳುತ್ತಾನೆ. 18ರ ಹುಡುಗನಿಗೆ ಒಲಿಂಪಿಕ್ಸಿಗೆ ಬರ್ತೀಯಾ ಎಂದು ಕೇಳಿದರೆ ಏನು ಹೇಳುತ್ತಾನೆ? ಕೇಳುವುದೇ ತಪ್ಪು. ಅವನ ಪರವಾಗಿ ಬೇರೆ ಯಾರಾದರೂ ಬೇಡ ಅನ್ನಬೇಕಿತ್ತು. ಯಾರೂ ಅನ್ನಲಿಲ್ಲ. ಯಾಕೆಂದರೆ ಅವನು ಸುಸ್ತಾದವನ ಹಾಗೆ ಕಾಣುತ್ತಿರಲಿಲ್ಲ. ಬೆವರು ಸುರಿಸಿ, ಹಲ್ಲು ಕಚ್ಚಿ, ಅಂಗಿ ಹರಿದುಕೊಂಡು ಆಡುವವನಾಗಿದ್ದರೆ ಯಾರಿಗಾದರೂ ಪಾಪ ಅನಿಸುತ್ತಿತ್ತೇನೋ. ಇವನು ಸಂಜೆ ವಾಕಿಂಗ್ ಹೊರಟವನ ಹಾಗೆ ಕಾಣುತ್ತಾನೆ. ಆದರೆ ಆ ಯೂರೋ ಕಪ್ಪಿನಲ್ಲಿ ಅತಿ ಹೆಚ್ಚು ದೂರ ಓಡಿದವರ ಸಾಲಿನಲ್ಲಿ ಇವನ ಹೆಸರಿತ್ತು! ಓಡದ ಹಾಗೆ ಓಡುವವನು. ಅದೇ ಅವನ ಚಂದ, ಅದೇ ಅವನಿಗೆ ಮುಳುವಾಯಿತು.

ಸೆಪ್ಟೆಂಬರ್ 14, ಬಾಯರ್ನ್ ಮ್ಯೂನಿಕ್ ವಿರುದ್ಧ ತೊಡೆ ಕೈಕೊಟ್ಟಿತು. ಎರಡು ವಾರಕ್ಕೆ ವಾಪಸ್ ಬಂದ, ಬೆನ್ಫಿಕಾ ವಿರುದ್ಧ ಮತ್ತೆ ಅದೇ ತೊಡೆ. ಜನವರಿಯವರೆಗೆ ಅವನಿಲ್ಲ. ನಡುವೆ ಅಕ್ಟೋಬರ್‌ನಲ್ಲಿ ಹೊಸ ಒಪ್ಪಂದ ಬರೆಸಿಕೊಂಡರು, ಯಾರಾದರೂ ಇವನನ್ನು ಕೊಂಡೊಯ್ಯಬೇಕೆಂದರೆ 100 ಕೋಟಿ ಯೂರೋ ಕೊಡಬೇಕು ಅಂತ. ನವೆಂಬರ್‌ನಲ್ಲಿ ಗೋಲ್ಡನ್ ಬಾಯ್ ಬಂತು, ಕೋಪಾ ಟ್ರೋಫಿ ಬಂತು, ಜಗತ್ತಿನ ಶ್ರೇಷ್ಠ ಎಳೆಯ ಆಟಗಾರ ಎಂದು ವೇದಿಕೆ ಹತ್ತಿಸಿದರು. ಆ ತಿಂಗಳೆಲ್ಲ ಅವನು ಒಂದೇ ಒಂದು ಮ್ಯಾಚನ್ನೂ ಆಡುವ ಸ್ಥಿತಿಯಲ್ಲಿರಲಿಲ್ಲ. ಸೂಟು ಹಾಕಿಕೊಂಡು ನಗುತ್ತಾ ನಿಂತಿದ್ದ. ಅಲ್ಲೂ ಸಲೀಸು.

ಒಂದು ಅಡ್ಡಮಾತು

ನಮ್ಮ ಆಫೀಸಿನಲ್ಲಿ ಒಬ್ಬ ಹುಡುಗ ಇದ್ದ. ಹೆಸರು ಬೇಡ. ನಾನು ಅವನ ಟೀಮ್ ಲೀಡು. ಏನು ಕೊಟ್ಟರೂ "ಆಯ್ತು ಸಾರ್" ಎನ್ನುತ್ತಿದ್ದ, ಮತ್ತು ಆಗಿಬಿಡುತ್ತಿತ್ತು. ಉಳಿದವರಿಗೆ ಒಂದು ಕೆಲಸ ಹೇಳಬೇಕಾದರೆ ಮೀಟಿಂಗು, ವಿವರಣೆ, ಮುಖ ಗಂಟು, ರಜೆಯ ಲೆಕ್ಕ. ಇವನಿಗೆ ಒಂದು ಮೆಸೇಜು ಸಾಕು. ಹಾಗಾಗಿ ಎಲ್ಲವೂ ಅವನ ತಲೆಗೇ. ನಾನು ಕೆಟ್ಟವನೆಂದು ನನಗೆ ಒಂದು ದಿನವೂ ಅನಿಸಲಿಲ್ಲ, ಅಪ್ರೈಸಲ್‌ನಲ್ಲಿ ಅವನಿಗೆ ಒಳ್ಳೆಯ ರೇಟಿಂಗನ್ನೇ ಕೊಡುತ್ತಿದ್ದೆ. ಒಂದು ಸೋಮವಾರ ಅವನು ಬರಲಿಲ್ಲ. ಮಂಗಳವಾರವೂ ಇಲ್ಲ. ಅವನ ಅಕ್ಕ ಫೋನ್ ಮಾಡಿ, "ಅವನು ಎರಡು ವಾರದಿಂದ ಸರಿಯಾಗಿ ನಿದ್ದೆನೇ ಮಾಡಿಲ್ಲ, ನಿಮ್ಗೆ ಗೊತ್ತಿರ್ಲಿಲ್ವಾ?" ಎಂದರು. ಗೊತ್ತಿರಲಿಲ್ಲ ಎಂದೆ. ಅದು ನಿಜ. ನಾನು ಕೇಳಿರಲಿಲ್ಲ ಎನ್ನುವುದೂ ನಿಜ. ಈಗ ಬೇರೆ ಕಡೆ ಚೆನ್ನಾಗಿದ್ದಾನೆ, ಹಬ್ಬಕ್ಕೆ ಮೆಸೇಜು ಹಾಕುತ್ತಾನೆ. ನಾನು ಪ್ರತಿಸಲ ಉತ್ತರ ಬರೆಯುವಾಗ ಸ್ವಲ್ಪ ತಡವರಿಸುತ್ತೇನೆ.

ಅಷ್ಟೇ. ಮುಂದಕ್ಕೆ ಹೋಗೋಣ.

ತೊಡೆಯ ವರ್ಷಗಳು

2022ರ ಮಾರ್ಚ್, ಏಪ್ರಿಲ್. ಅವನ ಆಟದಲ್ಲಿ ನನಗೆ ಅತ್ಯಂತ ಇಷ್ಟದ ಆರು ವಾರ ಅವು. ಶಾವಿ ಕೋಚಾಗಿ ಬಂದಿದ್ದರು. ಇಸ್ತಾನ್‌ಬುಲ್‌ನಲ್ಲಿ ಗಲಾತಸರಾಯ್ ವಿರುದ್ಧ ಗೋಲಿನ ಮುಂದೆ ಹೊಡೆಯುವ ಹಾಗೆ ಕಾಲೆತ್ತಿ ಒಬ್ಬನನ್ನು ಮಲಗಿಸಿದ, ಮತ್ತೆ ಕಾಲೆತ್ತಿ ಇನ್ನೊಬ್ಬನನ್ನು ಮಲಗಿಸಿದ, ಆಮೇಲೆ ಹೊಡೆದ. ಎರಡು ವಾರಕ್ಕೆ ಸೆವಿಯ್ಯಾ ವಿರುದ್ಧ ಅದೇ ಆಟ, ಈ ಸಲ ಬಾಕ್ಸಿನ ಹೊರಗಿಂದ. ಹೊಡೆಯುತ್ತಾನೆ ಎಂದುಕೊಂಡಾಗ ಹೊಡೆಯುವುದಿಲ್ಲ. ಇಲ್ಲ ಬಿಡು ಎಂದುಕೊಂಡಾಗ ಹೊಡೆಯುತ್ತಾನೆ. ಒಂದು ಗಂಟೆ ಕಡಿಮೆ ಇರುವ ಗಡಿಯಾರ ಅವನ ಕಾಲಲ್ಲೇ ಇದೆ ಎಂದು ತಮ್ಮನಿಗೆ ಹೇಳಿ ನಾನೇ ಖುಷಿಪಟ್ಟೆ. ಹನ್ನೊಂದು ದಿನಕ್ಕೆ ಫ್ರಾಂಕ್‌ಫರ್ಟ್ ಮ್ಯಾಚು. ಕ್ಯಾಂಪ್ ನೋ ತುಂಬ ಬಿಳಿ ಅಂಗಿಯ ಜರ್ಮನ್ನರು, ಬಾರ್ಸಾಗೆ ತನ್ನ ಮನೆಯೇ ತನ್ನದಲ್ಲದ ರಾತ್ರಿ. ಹಾಫ್‌ಟೈಮ್ ಆದ ಮೇಲೆ ಪೆಡ್ರಿ ಮತ್ತೆ ಮೈದಾನಕ್ಕೆ ಬರಲಿಲ್ಲ. ತೊಡೆ. ಸೀಸನ್ ಮುಗಿಯಿತು.

ಆಮೇಲಿನದನ್ನು ಬೇಗ ಹೇಳಿಬಿಡುತ್ತೇನೆ, ಬರೆಯಲು ಮನಸ್ಸಿಲ್ಲ. 2023ರ ಫೆಬ್ರವರಿ, ಮ್ಯಾಂಚೆಸ್ಟರ್ ಯುನೈಟೆಡ್ ವಿರುದ್ಧ, ತೊಡೆ. ಆ ಸೀಸನ್ ಬಾರ್ಸಾ ಲೀಗ್ ಗೆದ್ದಿತು, ಅವನ ಮೈಮೇಲೆ ಆಗ ಇನಿಯೆಸ್ತಾನ 8ನೇ ನಂಬರ್ ಅಂಗಿ. ಮುಂದಿನ ಸೀಸನ್ ಶುರುವಿಗೇ, ಆಗಸ್ಟ್‌ನಲ್ಲಿ, ತೊಡೆ. 2024ರ ಮಾರ್ಚ್ 3, ಬಿಲ್ಬಾವೊದ ಸಾನ್ ಮಾಮೆಸ್‌ನಲ್ಲಿ, ನಮಗೆ ನಸುಕಿನ ಜಾವ, ಮೊದಲು ಜೊತೆಗಾರ ಡಿ ಯಾಂಗ್ ಹೊರಗೆ ಹೋದ, ಸ್ವಲ್ಪ ಹೊತ್ತಿಗೆ ಪೆಡ್ರಿ. ಆವತ್ತು ಅವನು ಅತ್ತ. ಮುಖ ಮುಚ್ಚಿಕೊಂಡು ಅತ್ತ. ಅಷ್ಟು ವರ್ಷದಲ್ಲಿ ಅವನ ಮುಖದಲ್ಲಿ ಕಷ್ಟ ಕಂಡಿದ್ದು ಅದೇ ಮೊದಲ ಸಲ. ನನಗೆ ಅದು ನೋಡಿ ಒಂದು ವಿಚಿತ್ರ ಯೋಚನೆ ಬಂತು: ಇದನ್ನು 2021ರಲ್ಲೇ ಅತ್ತಿದ್ದರೆ ಯಾರಾದರೂ ಬಿಡುವು ಕೊಡುತ್ತಿದ್ದರಾ?

ಆ ವರ್ಷಗಳಲ್ಲಿ ನಾವು ಆಡಿದ ಮಾತುಗಳನ್ನೂ ಬರೆಯಬೇಕು. "ಗಾಜಿನ ಕಾಲು" ಎಂದವರು ನಾವೇ. "ಶಿಸ್ತಿಲ್ಲ, ತಿಂಡಿ ತೀರ್ಥ ಸರಿಯಿಲ್ಲ" ಎಂದವರೂ ನಾವೇ. ಅಡುಗೆ ಬಲ್ಲ ಅಣ್ಣ ಬಾರ್ಸಿಲೋನಾಗೆ ಬಂದು ಜೊತೆಗಿದ್ದು ಬೇಯಿಸಿ ಹಾಕುತ್ತಿದ್ದ ಹುಡುಗನಿಗೆ! ತಮ್ಮನಂತೂ ಒಂದು ರಾತ್ರಿ, "ಮಾರಿಬಿಡಬೇಕು ಕಣೋ ಅಣ್ಣ, ಇನ್ನೂ ರೇಟ್ ಇದೆ" ಎಂದ. ನಾನು ಬೈಯಲಿಲ್ಲ. ಒಳಗೊಳಗೆ ಲೆಕ್ಕ ಹಾಕಿದೆ. ಅದೇ ಕಾಲದಲ್ಲಿ ಬಾರ್ಸಾದ ಇನ್ನೊಬ್ಬ ಎಳೆಯ ಆಟಗಾರ ಗಾವಿ ಕೂಡ ಮೊಣಕಾಲು ಮುರಿದುಕೊಂಡು ಕೂತಿದ್ದ, 2023ರ ನವೆಂಬರ್‌ನಲ್ಲಿ, 19ನೇ ವಯಸ್ಸಿಗೆ. ಅದೇ ತಂಡದ ಅನ್ಸು ಫಾತಿಯ ಮೊಣಕಾಲು ಅದಕ್ಕೂ ಮುಂಚೆಯೇ ಹೋಗಿತ್ತು, ಆಗ ಅವನಿಗೆ 18. ಗಾವಿಯ ವಿಷಯದಲ್ಲಿ ಮಾತ್ರ ಯಾರಿಗೂ ಆಶ್ಚರ್ಯವಾಗಲಿಲ್ಲ. ಅವನು ಪ್ರತಿ ಚೆಂಡಿಗೂ ತಲೆ ಒಡೆದುಕೊಳ್ಳುವವನ ಹಾಗೆ ನುಗ್ಗುತ್ತಾನೆ, ದಣಿವು ಮೈಮೇಲೇ ಬರೆದಿರುತ್ತದೆ. ಪೆಡ್ರಿಗೆ ಆದಾಗ ಮಾತ್ರ ನಮಗೆ ಮೋಸ ಹೋದ ಹಾಗೆ. ಇವನು ಓಡುವುದೇ ಇಲ್ಲವಲ್ಲ, ಇವನಿಗೇನು ಧಾಡಿ ಅನ್ನುವ ಹಾಗೆ.

ಮತ್ತೆ ಸ್ಟುಟ್‌ಗಾರ್ಟ್. 2024ರ ಜುಲೈ 5, ಯೂರೋ ಕ್ವಾರ್ಟರ್‌ಫೈನಲ್, ಜರ್ಮನಿ ವಿರುದ್ಧ. ಆಟ ಶುರುವಾಗಿ ಐದು ನಿಮಿಷವೂ ಆಗಿರಲಿಲ್ಲ, ಟೋನಿ ಕ್ರೋಸ್ ಬಂದು ಅಡ್ಡ ಬಿದ್ದ. ಹಳದಿ ಕಾರ್ಡೂ ಇಲ್ಲ. ಎಂಟನೇ ನಿಮಿಷಕ್ಕೆ ಪೆಡ್ರಿ ಹೊರಗೆ, ಮೊಣಕಾಲು. ಒಳಗೆ ಬಂದ ಡಾನಿ ಓಲ್ಮೊ ಒಂದು ಗೋಲು ಹೊಡೆದ, 119ನೇ ನಿಮಿಷದಲ್ಲಿ ಮೆರಿನೊ ತಲೆ ಕೊಟ್ಟು ಗೆಲ್ಲಿಸಿದ, ಸ್ಪೇನ್ ಮುಂದೆ ಕಪ್ಪನ್ನೂ ಗೆದ್ದಿತು. ಕ್ರೋಸ್‌ಗೆ ಅದು ಬದುಕಿನ ಕೊನೇ ಮ್ಯಾಚು, ಆಮೇಲೆ ಕ್ಷಮೆ ಕೇಳಿದ, ಪೆಡ್ರಿ ಇರಲಿ ಬಿಡು ಎನ್ನುವ ಹಾಗೆ ಉತ್ತರ ಕೊಟ್ಟ. ಈ ಒಂದು ಗಾಯ ಮಾತ್ರ ಯಾರ ಲೆಕ್ಕಾಚಾರದ್ದೂ ಅಲ್ಲ, ಆಟದಲ್ಲಿ ಆಗುವಂಥದ್ದು. ನಿಜ ಹೇಳಬೇಕೆಂದರೆ ಅದನ್ನು ನೋಡಿ ನನಗೆ ಸ್ವಲ್ಪ ಹಗುರವಾಯಿತು. ಮೊಣಕಾಲು, ತೊಡೆಯಲ್ಲ. ಇನ್ನೊಬ್ಬ ಮಾಡಿದ್ದು, ನಾವು ಮಾಡಿದ್ದಲ್ಲ.

ಅರವತ್ತರಲ್ಲಿ ಐವತ್ತೊಂಬತ್ತು

ಆಮೇಲೆ ಬಾರ್ಸಾಗೆ ಕೋಚಾಗಿ ಹಾನ್ಸಿ ಫ್ಲಿಕ್ ಬಂದರು. ಜೊತೆಗೆ ಹೂಲಿಯೊ ತೌಸ್ ಎಂಬ ಫಿಟ್‌ನೆಸ್ ಗುರು. ಪೆಡ್ರಿಯ ಮೈ ಬದಲಾಯಿತು. ಭುಜ ಅಗಲವಾಯಿತು, ಯಾರಾದರೂ ತಳ್ಳಿದರೆ ಮುಂಚಿನ ಹಾಗೆ ಜಾರುವುದಿಲ್ಲ, ಎದುರಿನವನೇ ಜಾರುತ್ತಾನೆ. ಫ್ಲಿಕ್ ಅವನನ್ನು ಸ್ವಲ್ಪ ಹಿಂದಕ್ಕೆ ತಂದು ನಿಲ್ಲಿಸಿದರು. ಮುಂದೆ ನಿಂತು ಬೆನ್ನ ಮೇಲೆ ಇಬ್ಬರನ್ನು ಹೊರುವ ಬದಲು, ಹಿಂದಿನಿಂದ ಇಡೀ ಮೈದಾನ ಎದುರಿಗಿಟ್ಟುಕೊಂಡು ಆಡುವ ಜಾಗ. ಚೆಂಡು ಕಿತ್ತುಕೊಳ್ಳುವುದರಲ್ಲೂ ಅವನೇ ಮುಂದು ಎಂದು ಆ ವರ್ಷ ಎಲ್ಲರಿಗೂ ಗೊತ್ತಾಯಿತು. ಆ ಸೀಸನ್ನಿನಲ್ಲಿ ಬಾರ್ಸಾ ಆಡಿದ್ದು 60 ಮ್ಯಾಚು, ಪೆಡ್ರಿ ಆಡಿದ್ದು 59. ಲೀಗ್, ಕೋಪಾ ಡೆಲ್ ರೇ, ಸೂಪರ್ ಕಪ್, ಮೂರೂ ಗೆದ್ದರು. ವರ್ಷದ ಶ್ರೇಷ್ಠ ಆಟಗಾರನಿಗೆ ಕೊಡುವ ಬ್ಯಾಲನ್ ಡಿ'ಓರ್ ಪಟ್ಟಿಯಲ್ಲಿ ಅವನಿಗೆ 11ನೇ ಸ್ಥಾನ ಕೊಟ್ಟರು. ಆ ಮತ ಹಾಕಿದವರ ಮನೆಯಲ್ಲಿ ಟೀವಿ ಇದೆಯೋ ಇಲ್ಲವೋ.

ಕೋಪಾ ಫೈನಲ್ ಸೆವಿಯ್ಯಾ ಊರಿನಲ್ಲಿ, 2025ರ ಏಪ್ರಿಲ್ 26, ಎದುರಿಗೆ ರಿಯಲ್ ಮ್ಯಾಡ್ರಿಡ್. ನಮಗೆ ರಾತ್ರಿ ಒಂದೂವರೆ. ತಮ್ಮನೂ ನಾನೂ ಒಟ್ಟಿಗೆ ಕೂತು ನೋಡಿದ ಅಪರೂಪದ ರಾತ್ರಿ, ಅವನ ಮಗಳಿಗೆ ಆಗ ಎಂಟು ತಿಂಗಳು, ಮಲಗದೆ ಇವನ ಹೆಗಲ ಮೇಲಿದ್ದಳು. 28ನೇ ನಿಮಿಷ. ಲಮೀನ್ ಯಮಾಲ್ ಬಲಗಡೆಯಿಂದ ಚೆಂಡನ್ನು ಬಾಕ್ಸಿನ ಅಂಚಿಗೆ ಬಿಟ್ಟ. ಪೆಡ್ರಿ ಓಡಿ ಬಂದ. ಇವನಲ್ಲವಾ, ನಿಲ್ಲಿಸುತ್ತಾನೆ, ಕಾಲೆತ್ತುತ್ತಾನೆ, ಒಬ್ಬನನ್ನು ಮಲಗಿಸುತ್ತಾನೆ ಎಂದು ಕಾದರೆ ಏನೂ ಮಾಡಲಿಲ್ಲ. ಬಂದ ಚೆಂಡಿಗೆ ಬಂದ ಹಾಗೇ ಹೊಡೆದ. ಮೇಲಿನ ಮೂಲೆ. ಮ್ಯಾಡ್ರಿಡ್ ಗೋಲ್‌ಕೀಪರ್ ಕೂರ್ತುವಾ ಹಾರಿದ, ಆ ಉದ್ದದ ಕೈಗೂ ಸಿಗಲಿಲ್ಲ. ತಮ್ಮ ಕಿರುಚಿದ, ಮಗು ಬೆಚ್ಚಿ ಅತ್ತಿತು, ಒಳಗಿಂದ ಅವನ ಹೆಂಡತಿ "ರೀ!" ಎಂದಳು. ನಾನು ಕಿರುಚಲಿಲ್ಲ. ಅವನು ಸಂಭ್ರಮಕ್ಕೆ ಓಡುತ್ತಿದ್ದಾನಲ್ಲ, ಆ ಓಟ ನೋಡುತ್ತಿದ್ದೆ. ಹೊಡೆದ ಕಾಲನ್ನು. ಎಲ್ಲಾದರೂ ಕುಂಟುತ್ತಾನಾ ಅಂತ. ಗೋಲು ಹೇಗಿತ್ತು ಎಂದು ನಾನು ಸರಿಯಾಗಿ ನೋಡಿದ್ದು ರೀಪ್ಲೇಯಲ್ಲಿ.

ಮ್ಯಾಚು ಮತ್ತೆ ಎಕ್ಸ್‌ಟ್ರಾ ಟೈಮಿಗೆ ಹೋಯಿತು. (ಇವನ ಜಾತಕದಲ್ಲೇ ಬರೆದಿದೆ.) 116ನೇ ನಿಮಿಷದಲ್ಲಿ ನಮ್ಮ ಕೂಂಡೆ ಮ್ಯಾಡ್ರಿಡ್‌ನ ಮೊಡ್ರಿಚ್‌ನ ಪಾಸ್ ಕದ್ದು ದೂರದಿಂದ ಹೊಡೆದ, ಬಾರ್ಸಾಗೆ 3-2. ಅಷ್ಟು ಹೊತ್ತಿಗೆ ಮಗು ಮಲಗಿತ್ತು, ತಮ್ಮ ಬಾಯಿಗೆ ಟವೆಲ್ ಹಿಡಿದು ಕುಣಿದ.

ಈಗ 2025ರ ನವೆಂಬರ್. 59 ಮ್ಯಾಚು ಆಡಿದ್ದನ್ನು ನಾವು ಪವಾಡ ಎಂದು ಕೊಂಡಾಡಿದೆವು. ನೋಡಿ, ವಾಸಿಯಾದ, ಇನ್ನು ಯೋಚನೆ ಇಲ್ಲ ಎಂದೆವು. 2021ರ 73 ಮ್ಯಾಚಿಗೂ ಹೀಗೇ ಚಪ್ಪಾಳೆ ಹೊಡೆದಿದ್ದೆವು. ಚಾಂಪಿಯನ್ಸ್ ಲೀಗ್‌ನಲ್ಲಿ ಮೊದಲ ಸುತ್ತಿಗೆ ಆರು ಇದ್ದದ್ದು ಈಗ ಎಂಟು ಮ್ಯಾಚು. 2026ರ ಬೇಸಿಗೆಯ ವಿಶ್ವಕಪ್‌ನಲ್ಲಿ 48 ತಂಡ, ಒಟ್ಟು 104 ಮ್ಯಾಚು. ಕಪ್ ಗೆಲ್ಲಬೇಕೆಂದರೆ ಏಳಲ್ಲ, ಎಂಟು ಆಡಬೇಕು, ಅಮೆರಿಕ ಮೆಕ್ಸಿಕೊದ ಬಿಸಿಲಲ್ಲಿ. ಸ್ಪೇನ್ ಗೆಲ್ಲಬಹುದು ಎಂದು ಎಲ್ಲರೂ ಹೇಳುತ್ತಿದ್ದಾರೆ. ನನ್ನ ಆಸೆಯೂ ಅದೇ. ಹಾಗೆ ಆಸೆಪಡುವಾಗ ನಾನು ಏನನ್ನು ಕೇಳುತ್ತಿದ್ದೇನೆ ಎಂಬುದೂ ಗೊತ್ತಿದೆ.

ನಿನ್ನೆ ತಮ್ಮ ಒಂದು ವಿಡಿಯೋ ಕಳಿಸಿದ. ಪೆಡ್ರಿ ಒಬ್ಬನೇ ಪ್ರ್ಯಾಕ್ಟೀಸ್ ಮೈದಾನದಲ್ಲಿ ನಿಧಾನಕ್ಕೆ ಓಡುತ್ತಿದ್ದಾನೆ, ಪಕ್ಕದಲ್ಲಿ ಫಿಸಿಯೋ. ಹದಿನೈದು ಸೆಕೆಂಡು. "ಯಾವಾಗ ಬರ್ತಾನೆ ಅನ್ಸುತ್ತೆ?" ಎಂದು ಕೇಳಿದ್ದ. ನಾನು ವಿಡಿಯೋ ಮೂರು ಸಲ ನೋಡಿದೆ. ಎಡಗಾಲು ಚೆನ್ನಾಗಿ ಊರುತ್ತಿದ್ದಾನೆ ಅನಿಸಿತು. ಅಷ್ಟು ಬರೆದು ಕಳಿಸಿದೆ. ಆಮೇಲೆ ನಾಲ್ಕನೇ ಸಲ ನೋಡಿದೆ.